ನೆಲದ ತೊಗರಿ

ಕಲಬುರಗಿ ಗಂಜಿನಾಗ ನಾನೊಬ್ಬ ಮುನೀಮ.
ನಲವತ್ತೊಂದು ದೀಪಾವಳಿ
ಈ ಅಡತಿ ಅಂಗಡಿ ವಹಿಗೆ ಕುಂಕುಮ ಹಚ್ಚೀನಿ.
ಕೂಡಸೂದು ಕಳಿಯೂದು ಬಿಟ್ಟರ ಬ್ಯಾರೆ ಭಾಷಾ ಬರೂದಿಲ್ಲ.
ಅದಕ್ಕ ಲೆಕ್ಕದಾಗೇ ಹೇಳ್ತೀನಿ.

ಹಳೀ ವಹಿ, ಕೆಂಪು ಬಟ್ಟಿ ರಟ್ಟಿಂದು.
ಮೊದಲನೇ ಹಾಳಿ ಮ್ಯಾಲ ಶ್ರೀ, ಅದರ ಕೆಳಗ
ಧರ್ಮದ ಖಾತೆ:
ಚೀಲಕ್ಕ ಎರಡು ಪೈಸೆ.
ಯಾರ ಕಿಸೆದಿಂದ ಹೋತು ಅಂತ ಯಾರೂ ಕೇಳ್ತಿರಲಿಲ್ಲ,
ಯಾರ ಹೊಟ್ಟಿಗಿ ಹೋತು ಅಂತನೂ.

ಹಿರೀ ಸಾವಕಾರ ಚನ್ನಮಲ್ಲಪ್ಪ ದೊಡ್ಡ ದಾನಿ ಏನಲ್ಲ.
ನಮ್ಮವ್ವ ತೀರಿದ ದಿನದ ಪಗಾರ ಮುರಕೊಂಡ ಮನಷಾ,
ಹಮಾಲರ ಸಂಗಟ ನಾಕಾಣೆಕ್ಕ ಜಗಳಾ ತಗದಂವ.
ಆದ್ರ ಸಂಜಿಗಿ ತಕ್ಕಡಿ ಇಳಿಸಿದ ಮ್ಯಾಲ
ಕಸಬರಿಗಿ ಹಿಡದ ಹುಡುಗಗ ಅಂತಿದ್ದ:
"ಮೂಲಿ ತನಕ ಹೊಡೀಬ್ಯಾಡಲೇ,
ನೆಲಕ್ಕ ಬಿದ್ದದ್ದು ನಮ್ದಲ್ಲ."

ಆಮ್ಯಾಲ ಐದಾರು ಹೆಣ್ಮಕ್ಕಳು ಮೊರ ಹಿಡಕೊಂಡು ಬರೋರು.
ಹಳ್ಳು, ಸುತಳಿ, ಬೀಡಿ ತುಂಡಿನ ನಡುವಿಂದ
ತೊಗರಿ ಬ್ಯಾರೆ ಮಾಡೋರು.
ಅವರು ಕೇರೂ ಸಪ್ಪಳ ಕೇಳಿದರ
ಅಂಗಡಿ ಮುಚ್ಚೂ ಹೊತ್ತಾತು ಅಂತ ತಿಳೀತಿತ್ತು.

ಯಾವ ವರ್ಷ ಬದಲಾತು?
ವಹಿ ತಿರುವಿ ನೋಡೀನಿ, ತಾರೀಖು ಸಿಗೂದಿಲ್ಲ.
ಮೊದಲನೇ ಹಾಳಿಂದ ಧರ್ಮ ಹದಿನೇಳನೇ ಹಾಳಿಗಿ ಸರದದ್ದು
ನನ್ನ ಅಕ್ಷರದಾಗೇ ಅದ.
ಮುಂದ ಅದು 'ಇತರೆ ಖರ್ಚು' ಆತು,
ಚಹಾ, ದಾರ, ಇಲಿ ಪಾಷಾಣದ ಸಂಗಟ.
ಕಂಪ್ಯೂಟರ್ ಬಂದಾಗ ಆ ಖಾತೆಕ್ಕ ಜಾಗಾ ಇರಲಿಲ್ಲ.
ನಾನೂ ಹುಡುಕಲಿಲ್ಲ.

ಮಾತೂ ಹಂಗೇ ಸವದವು.
"ಪಾಪ, ಹಸದಾರ" ಅನ್ನೂ ಬಾಯಾಗ
"ಕೈಕಾಲು ಗಟ್ಟಿ ಅವಲ್ಲ, ದುಡೀಲಿ" ಬಂತು.
ಈಗ, "ಇಂಥೋರಿಂದೇ ದೇಶ ಹಾಳು."
ಅದೇ ಗಾದಿ, ಅದೇ ಅರ್ಧ ಕಪ್ ಚಹಾ.

ಗ್ವಾಡಿ ಮ್ಯಾಲಿನ ಕ್ಯಾಲೆಂಡರಿನಾಗ
ಕಾಯಕ ಅಂತನೂ ಅದ, ದಾಸೋಹ ಅಂತನೂ ಅದ.
ಮೊಮ್ಮಗ ಸಾವಕಾರ ವೀರಭದ್ರ ಮೊದಲನೇದು ಅಷ್ಟೇ ಓದ್ತಾನ.
ಎರಡನೇದರ ಮ್ಯಾಲ
ಏಸಿ ರಿಮೋಟ್ ತೂಗಹಾಕೂ ಮೊಳಿ.

ಕೆಟ್ಟಂವ ಅಲ್ಲ ಅಂವ.
ಹುಟ್ಟಿದ ದಿನ ದವಾಖಾನಿದಾಗ ಹಣ್ಣು ಹಂಚತಾನ,
ಫೋಟೋದಾಗ ಒಂದು ಬಾಳಿಹಣ್ಣಿಗಿ ಆರು ಕೈ.
ನೆಲದ ತೊಗರಿಗಿ ಮಾತ್ರ ಈಗ ಗುತ್ತಿಗಿ ಅದ,
ದನದ ಹಿಂಡಿ ಕಾರ್ಖಾನಿಯಂವ ಒಯ್ತಾನ,
ಕಿಲೋಕ್ಕ ಹನ್ನೊಂದು ರೂಪಾಯಿ.

ಹೋದ ಮಾಘದಾಗ ಒಂದಿನ ಕರೆಂಟ್ ಹೋಗಿತ್ತು.
ಕತ್ತಲಾಗ ಮೊರದ ಸಪ್ಪಳ ಕೇಳಿ
ಒಂದು ಗಳಿಗಿ ನನಗ ಹಿತ ಅನಸ್ತು.
ಆಮ್ಯಾಲ ಒದರಿದೆ:
"ಏ ಬಾಯಿ, ಸರ್ಕಾರ ಪುಕ್ಕಟ ಅಕ್ಕಿ ಕೊಡ್ತದ,
ಇನ್ನಾ ಎಷ್ಟು ಬೇಕು ನಿಮಗ?"
ಯಾರಂದ್ರು ಅಂತ ಹೊಳ್ಳಿ ನೋಡಿದೆ.
ಅಂಗಡಿದಾಗ ನಾನೊಬ್ಬನೇ ಇದ್ದೆ.

ಸಾಬಮ್ಮ ಸಿಟ್ಟಾಗಲಿಲ್ಲ.
"ಅಕ್ಕಿ ಅದ ರೀ ಮುನೀಮಜಿ.
ಬ್ಯಾಳಿ ಇಲ್ಲ."
ಸೆರಗಿನ ಗಂಟು ಬಿಚ್ಚಿ
ಆರಿಸಿದ್ದೆಲ್ಲಾ ನನ್ನ ಮೇಜಿನ ಮ್ಯಾಲ ಸುರದು,
"ತೂಗಿ ಬರಕೋರಿ" ಅಂದಳು. ಹೋದಳು.

ತೂಗಿದೆ.
ಹೌದು, ಮೇಣಬತ್ತಿ ಹಚ್ಚಿ ತೂಗಿದೆ.
ಎರಡುನೂರಾ ನಲವತ್ತು ಗ್ರಾಂ.
ಎರಡು ರೂಪಾಯಿ ಅರವತ್ತನಾಲ್ಕು ಪೈಸೆ.
ಯಾವ ಖಾತೆಕ್ಕ ಹಾಕಬೇಕು ತಿಳೀದೇ
ಕಾಗದದಾಗ ಕಟ್ಟಿ ಡ್ರಾಯರಿನಾಗ ಇಟ್ಟೆ.

ನಿನ್ನೆ ರಬ್ಬರ್ ಮುದ್ರಾ ಹುಡುಕೂವಾಗ ಬಿಚ್ಚಿ ನೋಡಿದೆ.
ಹುಳ ಬಿದ್ದಾವ.
ಒಂದೊಂದು ಕಾಳಿಗಿ ಒಂದೊಂದು ತೂತು,
ಸಾವಕಾಶ ತಿನ್ನಲತ್ತಾವ.
ಅವಕ್ಕ ನಾ ಏನೂ ಕೇಳಲಿಲ್ಲ.