ಏಳನೇ ಪುಟ

ಓರ್ಹುಸ್ ಬಂದರಿನ ಹಿಂದೆ, ಮೂರನೇ ಮಹಡಿ.
ಆಸ್ಪತ್ರೆಯಂತೆ ಕಾಣಬಾರದೆಂದು
ಹಟ ತೊಟ್ಟು ಸಿಂಗರಿಸಿದ ಕೋಣೆ.
ಮೋಟು ದೀಪ, ಉಣ್ಣೆಯ ಕಂಬಳಿ, ಕಿಟಕಿಗೆ ದಪ್ಪ ಪರದೆ.
ಎಷ್ಟು ಮರೆಮಾಡಿದರೂ ಆಕ್ಸಿಜನ್ ಕೊಳವೆ
ಗೋಡೆಯಿಂದ ಇಣುಕುತ್ತಲೇ ಇರುತ್ತದೆ.

ಆಸ್ಗೆರ್ ಲಿನ್ನೆಗೋರ್. ಐವತ್ತೆಂಟು. ಹಡಗಿನ ಇಂಜಿನ್ ರಿಪೇರಿ.
ಹನ್ನೊಂದು ವರ್ಷದಿಂದ ಒಳಗೆ ತುಕ್ಕು
ಎಂದು ಅವನೇ ಹೇಳಿದ, ನಾನು ಬರೆದುಕೊಂಡೆ.
ಒಪ್ಪಿಗೆ ಪತ್ರದ ಏಳನೇ ಪುಟದಲ್ಲಿ ಪ್ರಶ್ನೆ:
ಔಷಧದ ಹೊತ್ತಿನಲ್ಲಿ ನಿಮ್ಮ ಕೈ ಹಿಡಿಯಬಹುದೇ?
ಇಲ್ಲ ಎಂಬ ಚೌಕದಲ್ಲಿ
ಕಾಗದ ಹರಿಯುವಷ್ಟು ಒತ್ತಿ ಗೀಟೆಳೆದ.
ಕಾರಣ ಕೇಳುವಂತಿಲ್ಲ. ಕೇಳಲಿಲ್ಲ.

ಗುಳಿಗೆ ನುಂಗಿ ನಾಲ್ಕನೇ ತಾಸು.
ಕಣ್ಣುಪಟ್ಟಿಯ ಕೆಳಗಿಂದ ನೀರು ಕಿವಿಯತ್ತ ಇಳಿಯಿತು.
ಆಗ ಬಂತು ಕೈ.
ಮಂಚದ ಅಂಚು ದಾಟಿ, ಗಾಳಿಯಲ್ಲಿ, ಅಂಗೈ ಮೇಲಾಗಿ,
ಉಗುರ ಸಂದಿಯಲ್ಲಿ ಇನ್ನೂ ಗ್ರೀಸಿನ ಕಪ್ಪು.
"ಹಿಡಿ" ಅಂದ.
ಅಂದನೋ, ಬರೀ ಉಸಿರೋ.

ನನ್ನ ಕೈ ತೊಡೆಯ ಮೇಲಿತ್ತು. ಒಂದು ಗೇಣು ದೂರ.
ಯಾರ ಮಾತು ಮಾತು?
ಮಂಗಳವಾರ ಕಾಫಿ ಕುಡಿದು ಸಹಿ ಹಾಕಿದವನದೋ,
ಬಾಗಿಲುಗಳನ್ನೆಲ್ಲ ಕಳಚಿಟ್ಟು ಮಲಗಿರುವ ಇವನದೋ?
ಬೇಲಿಯೇ ಎದ್ದು ಹೊಲ ಮೇಯ್ದ ಕಥೆಗಳನ್ನು
ತರಬೇತಿಯಲ್ಲಿ ಕೇಳಿದ್ದೆ.
ಮೇಯ್ದವರೆಲ್ಲ ಅಂದದ್ದು ಒಂದೇ:
ಅವಳೇ ಕೈ ಚಾಚಿದಳು.

ಕಂಬಳಿಯ ಅಂಚು ಮಡಿಸಿ ಅವನ ಅಂಗೈಗಿಟ್ಟೆ.
ಉಣ್ಣೆಯನ್ನು ಹಿಡಿದ. ಎರಡು ತಾಸು ಬಿಡಲಿಲ್ಲ.
ಮೂಲೆಯ ಕ್ಯಾಮೆರಾ ನಮ್ಮಿಬ್ಬರನ್ನೂ ನೋಡುತ್ತಿತ್ತು.
ಅದಕ್ಕೆ ಅಂಜಿದೆನೋ, ಅವನ ಗೀಟಿಗೆ ನಿಂತೆನೋ,
ವರದಿಯಲ್ಲಿ ಅದಕ್ಕೆ ಜಾಗವಿರಲಿಲ್ಲ.

ಸಂಜೆ ರೈ ಬ್ರೆಡ್ಡು ಮುರಿಯುತ್ತ ಹೇಳಿದ:
"ಅಮ್ಮ ಬಂದಿದ್ದಳು, ಆ ಹಳೇ ಸ್ವೆಟರಿನಲ್ಲಿ.
ತೋಳು ಹಿಡಿದುಕೊಂಡೆ."
ನಾನು ಬೆಣ್ಣೆ ಸರಿಸಿದೆ.
ಹೇಳಬೇಕಿತ್ತೇ, ಅದು ಕಂಬಳಿ ಎಂದು?
ಲಾಂಡ್ರಿಯವರು ಮೂಲೆಗೆ ನಂಬರು ಹೊಲಿದ ಕಂಬಳಿ ಎಂದು?

ಮುಂದಿನ ತಿಂಗಳು ಅದೇ ಏಳನೇ ಪುಟ.
ಈ ಸಲ ಹೌದು. ಗೀಟು ಹಗುರ, ತುಸು ಓರೆ.
ಡಾಕ್ಟರ್ ವಿಬೆಕೆ ಕನ್ನಡಕ ಹಣೆಗೇರಿಸಿ ಕೇಳಿದಳು:
"ಈ ಹೌದು ಅವನದೋ, ಗುಳಿಗೆಯದೋ?"
ಹನ್ನೊಂದು ವರ್ಷ ಆ ಇಲ್ಲ ಯಾರದಾಗಿತ್ತು
ಅಂತ ನಾನು ಕೇಳಬಹುದಿತ್ತು.

ಆ ದಿನ ಆರು ತಾಸು
ಉಗುರು ಕತ್ತರಿಸಿ, ಬಿಸಿನೀರಲ್ಲಿ ತೊಳೆದ ಕೈಯನ್ನು
ಮಂಚದ ಅಂಚಿಗಿಟ್ಟು ಕೂತೆ.
ಅವನ ಎರಡೂ ಕೈ ಎದೆಯ ಮೇಲೆ
ಒಂದನ್ನೊಂದು ಹಿಡಿದುಕೊಂಡು
ಕದಲಲೇ ಇಲ್ಲ.