ಡೈರೆಕ್ಟರಿ ತಿದ್ದಿದ ಮೇಷ್ಟರು

ಅತಿಲಿಯೊ ಬೆರ್ರುತ್ತಿ ಮೊದಲ ದಿನ ಕೇಳಿದ್ದು
ರಾಜ್ಯ ಎಂದರೇನು ಎಂದಲ್ಲ.
ಎಲ್ಲಿದೆ, ಬೆಳಿಗ್ಗೆ ಎಷ್ಟಕ್ಕೆ ಏಳುತ್ತದೆ,
ಅದರ ಬಟ್ಟೆ ಒಗೆಯುವವರು ಯಾರು?
ನಾವು ನಕ್ಕೆವು. ಅವರು ನಗಲಿಲ್ಲ.
"ಬರೆದುಕೊಳ್ಳಿ" ಎಂದರು, "ಬರುವ ವಾರ ಉತ್ತರ ತನ್ನಿ."

ಅವರಪ್ಪ ಸೆರ್ರೊ ಗುಡ್ಡದ ಬುಡದ ಮಾಂಸದ ಕಾರ್ಖಾನೆಯಲ್ಲಿ
ದನದ ತೊಡೆಗಳನ್ನು ಕೊಕ್ಕೆಗೆ ನೇತುಹಾಕುತ್ತಿದ್ದವನು.
ಎಷ್ಟು ಸೋಪು ತಿಕ್ಕಿದರೂ ಉಗುರ ಸಂದಿಯಲ್ಲಿ ಉಳಿದ ಕೆಂಪನ್ನು
ಮಗ ಪ್ರಬಂಧದ ಮೂರನೇ ಅಧ್ಯಾಯ ಮಾಡಿದ:
ಪಾಳಿ, ಕೂಲಿ, ಲಂಡನ್ನಿಗೆ ಹಡಗೇರಿದ ಡಬ್ಬಿಗಳ ಲೆಕ್ಕ.
ಅಡಿಟಿಪ್ಪಣಿಯಲ್ಲಿ ಮಾತ್ರ, ಸಣ್ಣ ಅಕ್ಷರದಲ್ಲಿ,
ಎಡಗೈಯಲ್ಲಿ ಉಳಿದ ಬೆರಳು: ಮೂರು.

ಪಕ್ಷಕ್ಕೂ ಅವರು ಪೂರ್ತಿ ಒಗ್ಗಲಿಲ್ಲ.
"ಕ್ರಾಂತಿ ಬಂದೇ ಬರುತ್ತದೆ" ಎಂದು ವೇದಿಕೆ ಗುಡುಗಿದರೆ
ಹಿಂದಿನ ಬೆಂಚಿನಿಂದ ಕೈ ಎತ್ತಿ
"ಯಾವ ಬಸ್ಸಿಗೆ?" ಎನ್ನುವರು.

ಎಪ್ಪತ್ತಮೂರರ ಚಳಿಗಾಲ ಬೂಟು ಹಾಕಿಕೊಂಡು ಬಂತು.
ಆಮೇಲೆ ಊರಿಗೆ ಊರನ್ನೇ ಜರಡಿ ಹಿಡಿದು
ಎ, ಬಿ, ಸಿ ಎಂದು ವಿಂಗಡಿಸಿದರು.
ಮೇಷ್ಟರು ಸಿ.
ಪಾಠವಿಲ್ಲ, ಪಾಸ್‌ಪೋರ್ಟಿಲ್ಲ, ಲೈಬ್ರರಿಯ ಕಾರ್ಡೂ ಇಲ್ಲ.
ಬಂದರಿನ ಹಿಂದಿನ ಅಚ್ಚುಕೂಟದಲ್ಲಿ ಹೊಟ್ಟೆಪಾಡು:
ಮೊಂಟೆವಿಡಿಯೊದ ಟೆಲಿಫೋನ್ ಡೈರೆಕ್ಟರಿಯ ಕರಡು ತಿದ್ದುವುದು.
ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು
ಅಬಾಲ್, ಅಬೆಲೆಂಡ, ಅಚಾರ್ಡ್ ಇಂದ
ಸುಬಿಯಾಗದ ತನಕ.
ಹನ್ನೊಂದು ವರ್ಷ.

ಒಮ್ಮೆ ಕಂಡೆ. ನದಿಯೋ ಸಮುದ್ರವೋ ಎಂದು
ತಾನೇ ತೀರ್ಮಾನಿಸದ ಆ ಕಂದು ನೀರಿನ ದಂಡೆಯಲ್ಲಿ
ಕಂಕುಳಲ್ಲಿ ಥರ್ಮಾಸು, ಕೈಯಲ್ಲಿ ಮಾಟೆ ಹೀರುವ ಸೋರೆಬುರುಡೆ,
ಎದುರಿಗೇ ಬರುತ್ತಿದ್ದರು.
ನಾನಾಗ ಬಿ. ಎ ಆಗಲು ಅರ್ಜಿ ಗುಜರಾಯಿಸಿದ್ದೆ.
ರಸ್ತೆ ದಾಟಿದೆ. ಗಾಳಿಗೆ ಹಾರುವ ಟೋಪಿ ಹಿಡಿಯುವವನಂತೆ
ತೋಳಿಂದ ಮುಖ ಮುಚ್ಚಿಕೊಂಡೆ.
ತಲೆಯ ಮೇಲೆ ಟೋಪಿ ಇರಲಿಲ್ಲ.

ಎಂಬತ್ತೈದರಲ್ಲಿ ವಾಪಸ್ಸು ಕರೆದರು. ಹಾರ, ಕ್ಯಾಮೆರಾ,
ಕಿಟಕಿ ಸರಳಿಗೂ ಜೋತುಬಿದ್ದ ಹುಡುಗರು.
ಅವರಿಗೆ ಬೇಕಾದದ್ದು ಒಬ್ಬ ಹುತಾತ್ಮ.
ಇವರು ಕೆಮ್ಮುತ್ತ, ಕನ್ನಡಕ ಒರೆಸುತ್ತ
ಶೈತ್ಯಾಗಾರಗಳ ವಿದ್ಯುತ್ ಬಿಲ್ಲಿನ ಬಗ್ಗೆ ಗಂಟೆಗಟ್ಟಲೆ ಮಾತಾಡಿದರು.
ಎರಡನೇ ತಿಂಗಳಿಗೆ ಬೆಂಚು ಖಾಲಿ.
ನಿಜ ಹೇಳಬೇಕೆಂದರೆ, ಪಾಠ ಚೆನ್ನಾಗಿರಲಿಲ್ಲ.

ತೀರಿಕೊಂಡ ಮೇಲೆ ನೇಲಿದ ನನ್ನನ್ನೇ ಕರೆಸಿದರು.
ಬರೆಯಬೇಕಿದ್ದ ದೊಡ್ಡ ಪುಸ್ತಕ ಇರಲಿಲ್ಲ.
ಮಂಚದ ಕೆಳಗೆ ಹತ್ತು ಕಟ್ಟು ಕರಡು. ಹನ್ನೊಂದನೆಯದು
ಮೊಮ್ಮಗಳಿಗೆ ಊಟದ ಮೇಜು ನಿಲುಕಲೆಂದು ಕುರ್ಚಿಯ ಮೇಲೆ.
ಹೋದ ವರ್ಷ ಇದ್ದು ಈ ವರ್ಷ ಇಲ್ಲದ ಹೆಸರನ್ನೆಲ್ಲ
ಅಂಚಿನಲ್ಲಿ ಪೆನ್ಸಿಲಿನಿಂದ ಬರೆದು ಒಂದೊಂದು ಚುಕ್ಕಿ.
ಚುಕ್ಕಿಯ ಪಕ್ಕ ಕೆಲವೆಡೆ: ಸ್ವೀಡನ್. ಮೆಕ್ಸಿಕೊ.
ಬಿಲ್ಲು ಕಟ್ಟಿಲ್ಲ. ಮುಪ್ಪಿನ ಸಾವು.
ಬಹಳ ಕಡೆ ಏನೂ ಇಲ್ಲ, ಚುಕ್ಕಿ ಮಾತ್ರ,
ಒತ್ತಿ ಒತ್ತಿ ಕಾಗದ ತೂತಾಗುವಷ್ಟು.

ಎಂಬತ್ತರ ಕಟ್ಟಿನಲ್ಲಿ ಬೆರಳು ನಡುಗುತ್ತ
ಓ ಅಕ್ಷರದ ಕೆಳಗೆ ನನ್ನನ್ನೇ ಹುಡುಕಿದೆ.
ಓದ್ರಿಯೊಸೋಲ, ಇದ್ದೆ. ಬೈಗುಳವಿಲ್ಲ, ಗೆರೆಯಿಲ್ಲ.
ಅಚ್ಚಿನವನು ನಂಬರಿನ ಒಂಬತ್ತನ್ನು ಆರು ಮಾಡಿದ್ದ.
ಕೆಂಪು ಶಾಯಿಯಲ್ಲಿ ತಿದ್ದಿದ್ದರು.

ಆ ವರ್ಷವೇ, ರಾತ್ರಿ ಎರಡಕ್ಕೆ, ಆಸ್ಪತ್ರೆಯ ನರ್ಸೊಬ್ಬಳು
ಡೈರೆಕ್ಟರಿ ತೆರೆದು ನನ್ನ ನಂಬರು ತಿರುಗಿಸಿದ್ದಳು.
ನಾನು ಹೋದಾಗ ಅಮ್ಮನ ಕೈ
ಇನ್ನೂ ಬೆಚ್ಚಗಿತ್ತು.