ಮೂರು ಕಣ್ಣಿನ ಕಡ್ಡಿ

ಅಕ್ಟೋಬರ್ ಚಾಟಣಿ ಮುಗಿದ ತೋಟದಿಂದ
ಟೆಂಪೋದಾಗ ಒಂದು ಹೊರಿ ಕಡ್ಡಿ ತಂದ ಮಲಕಾರಿ,
ಒಲಿಗೆ ಆದೀತಂತ.
ದತ್ತವಾಡಿಯ ಈ ಒಂದು ಖೋಲಿಯಾಗ
ಒಲಿ ಎಲ್ಲೈತಿ? ಇರೂದು ಸಿಲಿಂಡರು.

ಒಂಬತ್ತು ಆರಿಸಿದೆ. ಪೆನ್ಸಿಲ್ ದಪ್ಪ, ಮೂರು ಮೂರು ಕಣ್ಣು.
ಬುಡ ನೆಟ್ಟಗ, ತುದಿ ಓರೆ ಕೊಯ್ದೆ,
ತಲಿ ಯಾವುದು ಕಾಲು ಯಾವುದು ಮರೀಬಾರದಂತ.
ಹಾಲಿನ ಪ್ಯಾಕೆಟ್ಟಿಗೆ ಉಸುಕು, ತಳಕ್ಕ ತೂತು.
ಎರಡು ಕಣ್ಣು ಒಳಗ, ಒಂದು ಹೊರಗ.

ಬಾಜೂ ಮನಿ ವತ್ಸಲಾ ಆತ್ಯಾ ದಿನಾ ಕೇಳತಿದ್ದಳು:
"ಆಲಂ ಕಾ ಗಂ?"
ಹದಿನೆಂಟನೇ ದಿನ ಬಂತು.
ಉಗುರಿನಷ್ಟು ಗುಲಾಬಿ, ಆಮ್ಯಾಲೆ ಹಸರು.
ಎಂಟು ಕಡ್ಡಿಗೆ ಎಲಿ!
ನನಗಿಂತ ಮೊದಲ ಆತ್ಯಾನ ಪೇಢೆ ಹಂಚಿದಳು.
ಎಲಿ ಬಿಡದ ಒಂಬತ್ತನೇದನ್ನ
ತನ್ನ ಮೆಣಸಿನ ಗಿಡಕ್ಕ ಆಸರಾ ಅಂತ ಒಯ್ದಳು.

ಮಲಕಾರಿ ಬಗ್ಗಿ ನೋಡಿ ಅಂದ:
ಇದು ದುಡಿದ ಹಸರಲ್ಲ, ಗಂಟಿನ ಹಸರು.
ಕೂಡಿಟ್ಟ ಸಕ್ಕರಿ ತಿಂದು ನಗತೈತಿ ಕಡ್ಡಿ.
ಬೇರು ಐತೇನು ಕೇಳು.

ಬೇರಿಗೆ ಹ್ಯಾಂಗ ಕೇಳೂದು?
ಒಂದು ಕಿತ್ತು ನೋಡಿದೆ. ಬರೇ ಕಡ್ಡಿ.
ಇನ್ನೊಂದು ಕಿತ್ತೆ.
ಬಿಳೀ ಎಳಿ ಎರಡು, ಕೈಯಾಗ ಹರಿದುವು.
ಅವತ್ತು ರೊಟ್ಟಿ ಬಡಿಯಾಕ ಮನಸ್ಸಾಗಲಿಲ್ಲ.

ಉಳಿದುವು ತಾವ ಬಾಡಿದುವು,
ಗಂಟು ತೀರಿದಂಗ ಒಂದೊಂದ.

ಸಂಕ್ರಾಂತಿಗೆ ಎಳ್ಳುಬೆಲ್ಲ ಕೊಡಾಕ ಹೋದರ
ಮೆಣಸಿನಗಿಡ ಒಣಗಿತ್ತು,
ಆಸರಾ ಮಾತ್ರ ನಿಂತಿತ್ತು, ಬೋಳು.
ಒಯ್ಯಿ ಅಂದಳು ಆತ್ಯಾ.
ಎರಡು ಬೆರಳಿಂದ ಸಣ್ಣಗೆ ಜಗ್ಗಿದೆ.

ಅದೂ ಜಗ್ಗಿತು.